ಓದುಗರ ಪ್ರಶ್ನೆಗಳು: ತೊಟ್ಟಿಲ ಪಕ್ಕದ ಹಗಲು ರಾತ್ರಿ

ಈ ಸಲ ಕೈಗೆ ಬಂದ ಪತ್ರಗಳಲ್ಲಿ ಮೂರು ಬಾಣಂತನಕ್ಕೆ ಸಂಬಂಧಿಸಿದವು. ಒಂದನ್ನು ಬಾಣಂತಿಯೇ ಬರೆದಿದ್ದಾರೆ, ಇನ್ನೊಂದನ್ನು ಬಾಣಂತಿಯ ತಾಯಿ, ಮತ್ತೊಂದನ್ನು ಬಾಣಂತಿಯ ಗಂಡ. ಮೂವರೂ ಬೇರೆ ಬೇರೆ ಮನೆಯವರು. ಹೆಸರು ಬೇಡವೆಂದು ಮೂವರೂ ಕೇಳಿಕೊಂಡಿರುವುದರಿಂದ ಊರನ್ನಷ್ಟೇ ನಮೂದಿಸಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಪದವಿ ಕಾಲೇಜೊಂದರಲ್ಲಿ ವಾಣಿಜ್ಯ ವಿಭಾಗದ ಉಪನ್ಯಾಸಕಿ. ಸಿಸೇರಿಯನ್ ಹೆರಿಗೆಯಾಗಿ ಇಂದಿಗೆ 38 ದಿನ. ಬಾಣಂತನಕ್ಕೆಂದು ತವರಿಗೆ ಬಂದಿದ್ದೇನೆ, ಗಂಡ ಬೆಂಗಳೂರಿನಲ್ಲಿದ್ದಾರೆ. ಮಗಳು ಚೆನ್ನಾಗಿದ್ದಾಳೆ, ತೂಕವೂ ಏರುತ್ತಿದೆ. ಅಮ್ಮ ಹೊತ್ತು ಹೊತ್ತಿಗೆ ಎಲ್ಲವನ್ನೂ ಮಾಡಿಕೊಡುತ್ತಾರೆ. ಆದರೂ ನನಗೆ ಹೊತ್ತು ಹೋಗುವುದಿಲ್ಲ. ಒಳಕೋಣೆಯ ಕಿಟಕಿಗೆ ಪರದೆ ಬಿಟ್ಟು, ಕಿವಿಗೆ ಹತ್ತಿ ಇಟ್ಟುಕೊಂಡು, ಕೆಲಸವಿಲ್ಲದೆ ಕುಳಿತಿರುತ್ತೇನೆ. ಪುಸ್ತಕ ಹಿಡಿದರೆ ಹಸಿ ಬಾಣಂತಿ ಓದಬಾರದು, ಕಣ್ಣಿಗೆ ಕೆಡುಕು ಎನ್ನುತ್ತಾರೆ. ಮೊಬೈಲ್ ನೋಡಿದರೆ ಬೈಗುಳ. ಮೊನ್ನೆ ಸಂಜೆ ಪಡಸಾಲೆಯಲ್ಲಿ ಮಂಡಕ್ಕಿ ಕಲಸುತ್ತಿದ್ದರು. ಅಪ್ಪ, ಅಣ್ಣ, ಅತ್ತಿಗೆ ಎಲ್ಲರೂ ಏನೋ ಮಾತಿಗೆ ನಗುತ್ತಿದ್ದರು. ಹಸಿ ಈರುಳ್ಳಿ ಮತ್ತು ಕರಿದ ಮೆಣಸಿನಕಾಯಿಯ ವಾಸನೆ ಕೋಣೆಯವರೆಗೂ ಬಂದಾಗ ನನಗೆ ಅಳು ತಡೆಯಲಾಗಲಿಲ್ಲ. ಸುಮಾರು ಮೂರು ವಾರಗಳಿಂದ ಸಂಜೆಯಾದರೆ ಹೀಗೆಯೇ ಆಗುತ್ತಿದೆ. ಹಗಲಿನಲ್ಲಿ ಕೆಲವು ಹೊತ್ತು ಚೆನ್ನಾಗಿಯೇ ಇರುತ್ತೇನೆ. ಊಟ ಸೇರುತ್ತದೆ, ಅಮ್ಮ ಮಗುವನ್ನು ಎತ್ತಿಕೊಂಡು ಹೋದರೆ ನಿದ್ದೆಯೂ ಬರುತ್ತದೆ. ಆದರೆ ಮಗುವನ್ನು ಕಂಡಾಗ ಪ್ರೀತಿ ಉಕ್ಕಬೇಕಲ್ಲವೇ? ನನಗೆ ಬೇರೆಯವರ ಮಗುವನ್ನು ಜೋಪಾನ ಮಾಡುತ್ತಿರುವಂತೆ ಅನ್ನಿಸುತ್ತದೆ. ಮನಸ್ಸನ್ನು ಯಾವುದರಲ್ಲಿ ತೊಡಗಿಸಲಿ? ಇದೇನು ಕಾಯಿಲೆಯೇ?
– ದಾವಣಗೆರೆ

ಉತ್ತರ: ತಂಗಿ, ಕಾಯಿಲೆಯೇ ಎಂಬ ಪ್ರಶ್ನೆಯನ್ನು ನೀವು ಕೊನೆಗೆ ಕೇಳಿದ್ದೀರಿ, ನಾನು ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಹೆರಿಗೆಯಲ್ಲಿ ಮಾಸು ಹೊರಬಿದ್ದ ಮೇಲೆ, ಒಂಬತ್ತು ತಿಂಗಳು ಏರುತ್ತಲೇ ಇದ್ದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು ಎರಡು ಮೂರು ದಿನಗಳಲ್ಲಿ ತೀರಾ ಕೆಳಮಟ್ಟಕ್ಕೆ ಕುಸಿಯುತ್ತವೆ. ಗಾಯದ ನೋವು, ಎದೆ ಬಿಗಿತ, ನಿದ್ದೆಗೇಡು ಇವೆಲ್ಲ ಅದೇ ದಿನಗಳಲ್ಲಿ ಜೊತೆಗೂಡುತ್ತವೆ. ಆದ್ದರಿಂದ ಹೆರಿಗೆಯ ಮೂರನೆಯ ದಿನದ ಸುಮಾರಿಗೆ ಕಾರಣವಿಲ್ಲದೆ ಅಳು ಬರುವುದು, ಸಣ್ಣ ಮಾತಿಗೂ ಮನಸ್ಸು ನೋಯುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಂಡುಬರುತ್ತದೆ. ಇದಕ್ಕೆ ಔಷಧ ಬೇಕಾಗುವುದಿಲ್ಲ, ಎರಡು ವಾರಗಳೊಳಗೆ ತಾನಾಗಿಯೇ ಇಳಿಯುತ್ತದೆ. ಎರಡು ವಾರ ದಾಟಿಯೂ ಉಳಿದರೆ ಅದನ್ನು ಪರೀಕ್ಷಿಸಬೇಕು, ಏಕೆಂದರೆ ಹೆರಿಗೆಯ ನಂತರದ ಖಿನ್ನತೆ ಎಂಬುದು ಬೇರೆಯೇ ಒಂದು ಸ್ಥಿತಿ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಸುಮಾರು ಶೇ. 22ರಷ್ಟು ತಾಯಂದಿರಲ್ಲಿ ಈ ಖಿನ್ನತೆ ಕಂಡುಬಂದಿತ್ತು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಎಂದಾಯಿತು. ನೀವು ಒಬ್ಬರೇ ಎಂದು ಭಾವಿಸಿ ಕೋಣೆಯಲ್ಲಿ ಅಳುತ್ತಿರುವಾಗ, ನಿಮ್ಮ ಬೀದಿಯಲ್ಲಿಯೇ ಇನ್ನೊಂದು ಕೋಣೆಯಲ್ಲಿ ಇನ್ನೊಬ್ಬರು ಅಳುತ್ತಿರಬಹುದು.

ನಿಮ್ಮ ಅಳು ಮೂರು ವಾರಗಳಿಂದ ಇರುವುದರಿಂದ ನೀವು ಒಮ್ಮೆ ವೈದ್ಯರಿಗೆ ತೋರಿಸಿಕೊಳ್ಳಲೇಬೇಕು. ಊಟ ಸೇರುತ್ತಿರುವುದು, ಅವಕಾಶ ಸಿಕ್ಕಾಗ ನಿದ್ದೆ ಬರುತ್ತಿರುವುದು, ದಿನದ ಕೆಲವು ಹೊತ್ತಾದರೂ ಮನಸ್ಸು ಹಗುರವಾಗಿರುವುದು ಒಳ್ಳೆಯ ಲಕ್ಷಣಗಳೇ. ಆದರೂ ಪತ್ರವನ್ನು ಓದಿ ಕಾಯಿಲೆ ಇದೆಯೆಂದಾಗಲಿ ಇಲ್ಲವೆಂದಾಗಲಿ ನಾನು ಹೇಳುವುದು ಸರಿಯಲ್ಲ. ವೈದ್ಯರ ಬಳಿ ಎಡಿನ್‌ಬರೋ ಮಾಪನ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇರುತ್ತದೆ. ಕಳೆದ ಏಳು ದಿನಗಳಲ್ಲಿ ನಿಮಗೆ ಹೇಗನ್ನಿಸಿತು ಎಂಬುದನ್ನು ಅದು ಕೇಳುತ್ತದೆ, ಹತ್ತು ನಿಮಿಷವೂ ಹಿಡಿಯುವುದಿಲ್ಲ. ಅದರೊಂದಿಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ರಕ್ತಹೀನತೆಯಿಂದಾಗಲಿ, ಹೆರಿಗೆಯ ನಂತರ ಕೆಲವರಲ್ಲಿ ಕಾಣಿಸಿಕೊಳ್ಳುವ ಥೈರಾಯ್ಡ್ ಏರುಪೇರಿನಿಂದಾಗಲಿ ಉಂಟಾಗುವ ಆಯಾಸ ಮತ್ತು ಬೇಸರ ಖಿನ್ನತೆಯಂತೆಯೇ ತೋರುತ್ತವೆ. ಮಗುವಿಗೆ ಆರು ವಾರದ ಲಸಿಕೆ ಹಾಕಿಸುವ ದಿನ ಈಗ ಹತ್ತಿರದಲ್ಲಿಯೇ ಇದೆ. ಆ ದಿನ ಮಗುವಿನ ಕಾರ್ಡಿನ ಜೊತೆ ನಿಮ್ಮ ಚೀಟಿಯನ್ನೂ ಮಾಡಿಸಿ.

ಇಲ್ಲಿ ನನ್ನ ಅನುಭವದ ಒಂದು ಮಾತು. 1994ರಲ್ಲಿ ನನ್ನ ಮೊದಲ ಬಾಣಂತನದಲ್ಲಿ ನಾನು ಚಿತ್ರದುರ್ಗದ ಒಂದು ಆಸ್ಪತ್ರೆಗೆ ಹೋಗಿ, "ಯಾಕೋ ಬೇಜಾರಾಗುತ್ತದೆ" ಎಂದಷ್ಟೇ ಹೇಳಿದ್ದೆ. "ಎಲ್ಲರಿಗೂ ಹಾಗೆಯೇ ಆಗುತ್ತದಮ್ಮ, ಮಗುವನ್ನು ನೋಡಿಕೊಳ್ಳಿ" ಎಂದು ಟಾನಿಕ್ ಬರೆದು ಕಳುಹಿಸಿದರು. ಇನ್ನೂ ಎರಡು ತಿಂಗಳು ನಾನು ಬಾಯಿ ಬಿಡಲಿಲ್ಲ. ಆದ್ದರಿಂದ ನೀವು ಬೇಜಾರು ಎಂಬ ಸಣ್ಣ ಪದದಲ್ಲಿ ಮುಗಿಸಬೇಡಿ. ಎಷ್ಟು ದಿನದಿಂದ, ಯಾವ ಹೊತ್ತಿನಲ್ಲಿ, ಎಷ್ಟು ಸಲ ಅಳು ಬರುತ್ತದೆ, ಮಗುವಿನ ವಿಷಯದಲ್ಲಿ ಏನನ್ನಿಸುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಬಾಯಿಂದ ಹೇಳಲಾಗದಿದ್ದರೆ ಆ ಹಾಳೆಯನ್ನೇ ಮೇಜಿನ ಮೇಲಿಡಿ.

ಇನ್ನು ಹೊತ್ತಿನ ವಿಷಯ. ಕೆಲಸವಿಲ್ಲದೆ ಕುಳಿತಿರುತ್ತೇನೆ ಎಂದು ನೀವು ಬರೆದ ಸಾಲನ್ನು ಓದಿ ನನಗೆ ನಿಜವಾಗಿಯೂ ಸಂಕಟವಾಯಿತು. ವಾಣಿಜ್ಯ ಕಲಿಸುವವರು ನೀವು, ಲೆಕ್ಕವನ್ನು ನೀವೇ ಹಾಕಿ ನೋಡಿ. ಈ ವಯಸ್ಸಿನ ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಒಂದು ಸಲಕ್ಕೆ ಅರ್ಧ ಗಂಟೆಯೆಂದರೂ ಐದು ಗಂಟೆಯಾಯಿತು. ತೇಗಿಸುವುದು, ಬಟ್ಟೆ ಬದಲಿಸುವುದು, ತೂಗಿ ಮಲಗಿಸುವುದು, ಮಲಗಿದ ಎರಡೇ ನಿಮಿಷಕ್ಕೆ ಎದ್ದರೆ ಮತ್ತೆ ಎತ್ತಿಕೊಳ್ಳುವುದು ಇವೆಲ್ಲ ಸೇರಿದರೆ ನಿಮ್ಮ ಕಾಲೇಜಿನ ಒಂದು ಪೂರ್ತಿ ದಿನಕ್ಕಿಂತ ಹೆಚ್ಚಾಗುತ್ತದೆ. ಆದರೂ ಏನೂ ಮಾಡಿಲ್ಲ ಎನ್ನಿಸುವುದಕ್ಕೆ ಕಾರಣವಿದೆ. ಎಳೆಗೂಸಿನ ಯಾವ ಕೆಲಸವೂ ಮುಗಿಯುವುದಿಲ್ಲ. ಹಾಲು ಕುಡಿಸಿದ್ದು ಎರಡು ಗಂಟೆಯಲ್ಲಿ ಕರಗಿ ಮತ್ತೆ ಹಸಿವಾಗುತ್ತದೆ, ಒಗೆದ ಬಟ್ಟೆ ಒಣಗುವ ಮೊದಲೇ ಇನ್ನೊಂದು ಒದ್ದೆಯಾಗುತ್ತದೆ. ಒಂದು ಅಧ್ಯಾಯ ಮುಗಿಸಿ ಪುಸ್ತಕ ಮುಚ್ಚಿ ಎದ್ದು ಬರುವ ಅಭ್ಯಾಸವಿದ್ದ ಮನಸ್ಸಿಗೆ, ಸಂಜೆಯ ಹೊತ್ತಿಗೆ ತೋರಿಸಲು ಏನೂ ಇರುವುದಿಲ್ಲ. ಹಾಗಾಗಿ ನಿಮಗೆ ಬೇಕಿರುವುದು ಹೊತ್ತು ಕಳೆಯುವ ಸಾಧನವಲ್ಲ ಎಂದು ನಾನು ತಿಳಿಯುತ್ತೇನೆ. ಕೈಗೆತ್ತಿಕೊಂಡರೆ ಹತ್ತು ನಿಮಿಷದಲ್ಲಿ ಒಂದಿಷ್ಟು ಆಗುವಂಥ, ಮಗು ಎದ್ದಾಗ ಅಲ್ಲಿಯೇ ಬಿಟ್ಟರೂ ಕೆಡದಂಥ, ಆದಷ್ಟು ಆಗಿಯೇ ಉಳಿಯುವಂಥ ಯಾವುದಾದರೊಂದು ಕೆಲಸ ಬೇಕು.

ನನಗೆ ಆಗ ಕೌದಿ ಒದಗಿ ಬಂತು. ನಮ್ಮ ಅಜ್ಜಿ ಹಳೆಯ ಸೀರೆಗಳ ಗಂಟನ್ನು ಬಿಚ್ಚಿ, ಗೋಡೆಗೆ ಒರಗಿ ಕುಳಿತಿದ್ದ ನನ್ನ ಮುಂದೆ ತುಂಡುಗಳನ್ನು ಹರಡಿ, ದಿನಕ್ಕೆ ಒಂದು ಗೆರೆ ಹಾಕಿದರೆ ಸಾಕು ಎಂದಿದ್ದರು. ದಪ್ಪ ಸೂಜಿ, ಬಿಳಿಯ ದಾರ, ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆ. ಒಂದು ಮಧ್ಯರಾತ್ರಿ ಹಸಿರು ಇಳಕಲ್ ತುಂಡಿನ ಮೇಲೆ ಗೆರೆ ಎಳೆಯುತ್ತಿದ್ದಾಗ ಮಗ ಕಿರುಚಿ ಎದ್ದ, ಹೊಲಿಗೆ ಓರೆಯಾಗಿ ಜಾರಿತು. ಬಿಚ್ಚಿ ಸರಿಪಡಿಸಲು ಅಜ್ಜಿ ಬಿಡಲಿಲ್ಲ. ಆ ಓರೆ ಗೆರೆ ಇಂದಿಗೂ ಆ ಕೌದಿಯಲ್ಲಿದೆ, ಅದರ ಮೇಲೆ ಬೆರಳಾಡಿಸಿದರೆ ಆ ರಾತ್ರಿಯ ತೊಟ್ಟಿಲಿನ ಕಿರುಗುಟ್ಟುವಿಕೆ ನನಗೆ ಕೇಳಿಸುತ್ತದೆ. ನಿಮಗೆ ಹೊಲಿಗೆ ಒಗ್ಗದಿದ್ದರೆ ಬಲವಂತವಿಲ್ಲ. ಮಗುವಿಗೊಂದು ಕುಲಾವಿ ಹೆಣೆಯಬಹುದು, ಲೇಹ್ಯಕ್ಕೆ ಬೇಕಾದ ಬೆಳ್ಳುಳ್ಳಿಯನ್ನು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಸುಲಿದುಕೊಡಬಹುದು, ದಿನಕ್ಕೆ ಎರಡೇ ಸಾಲಿನ ದಿನಚರಿ ಬರೆಯಬಹುದು. ಕಾಲೇಜಿನ ಪಾಠದ ತಯಾರಿಯನ್ನು ಮಾತ್ರ ಈಗ ಮುಟ್ಟಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅದು ಏಕಾಗ್ರತೆ ಬೇಡುವ ಕೆಲಸ, ನಾಲ್ಕು ಸಲ ಅರ್ಧಕ್ಕೆ ನಿಂತರೆ ಮಗುವಿನ ಮೇಲೆ ಸಿಟ್ಟು ಬರುತ್ತದೆ, ಸಿಟ್ಟು ಬಂದುದಕ್ಕೆ ಮತ್ತೆ ಅಳು ಬರುತ್ತದೆ. 2017ರಿಂದ ಕಾನೂನು ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆಯನ್ನು ಕೊಟ್ಟಿರುವುದು ನೀವು ಚೇತರಿಸಿಕೊಳ್ಳಲೆಂದೇ.

ನಿಮ್ಮ ತಾಯಿಯ ಜೊತೆ ಓದು, ಮೊಬೈಲಿನ ವಿಷಯಕ್ಕೆ ಜಟಾಪಟಿ ನಡೆಯುತ್ತಿರುವಂತೆ ಕಾಣುತ್ತದೆ. ಬಾಣಂತಿ ಓದಿದರೆ ಕಣ್ಣು ಕೆಡುವುದಿಲ್ಲ, ಕತ್ತಲಲ್ಲಿ ಓದಿದರೆ ಯಾರಿಗಾದರೂ ಕಣ್ಣು ದಣಿಯುತ್ತದೆ, ಅಷ್ಟೇ. ಆದರೆ ಇದನ್ನು ವಾದ ಮಾಡಿ ಗೆಲ್ಲುವುದಕ್ಕಿಂತ ಸುಲಭದ ದಾರಿಯೊಂದಿದೆ. ನಿಮ್ಮ ತಾಯಿಗೆ ಬರುವ ಜೋಗುಳ, ಸೋಬಾನೆ, ಬೀಸುವ ಪದಗಳನ್ನು ಹಾಡಿಸಿ, ಅದೇ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು, ದಿನಕ್ಕೊಂದು ನುಡಿಯಂತೆ ಬರೆದಿಡಿ. ಪದ ಮರೆತಲ್ಲಿ ನಿಮ್ಮ ತಾಯಿ ನೆರೆಮನೆಯ ಅಜ್ಜಿಯನ್ನು ಕರೆದು ಕೇಳುತ್ತಾರೆ, ಆ ಅಜ್ಜಿ ಕೋಣೆಗೆ ಬಂದು ಕೂರುತ್ತಾರೆ, ಮಗುವಿನ ತೂಕದ ಮಾತು ಬಿಟ್ಟು ಬೇರೆ ಮಾತು ಆ ಕೋಣೆಯಲ್ಲಿ ಹುಟ್ಟುತ್ತದೆ. ಮೊಬೈಲ್ ಪೂರ್ತಿ ಕೆಟ್ಟದ್ದೆಂದು ನಾನು ಹೇಳಲಾರೆ. ಗೆಳತಿಗೆ ಕರೆ ಮಾಡಿ ಹದಿನೈದು ನಿಮಿಷ ಮಾತನಾಡಿದಾಗ ಮನಸ್ಸು ತಿಳಿಯಾಗುತ್ತದೆ. ಅದೇ ಮೊಬೈಲಿನಲ್ಲಿ ಬೇರೆ ತಾಯಂದಿರ ನಗುಮುಖದ ಚಿತ್ರಗಳನ್ನು ಒಂದು ಗಂಟೆ ಸರಿಸುತ್ತ ಹೋದಾಗ, ನಾನೊಬ್ಬಳೇ ಸೋತವಳು ಎಂಬ ಭಾವನೆ ಉಳಿಯುತ್ತದೆ. ಯಾವುದು ನಿಮಗೆ ಏನು ಮಾಡುತ್ತಿದೆ ಎಂಬುದನ್ನು ಎರಡು ದಿನ ಗಮನಿಸಿದರೆ ನಿಮಗೇ ತಿಳಿಯುತ್ತದೆ.

ಕಿಟಕಿಯ ಪರದೆಯನ್ನು ನಾಳೆಯೇ ಸರಿಸಿ. ಎಳೆಗೂಸಿಗೆ ಹಗಲು ರಾತ್ರಿಗಳ ವ್ಯತ್ಯಾಸ ತಿಳಿಯಲು ಎರಡು ಮೂರು ತಿಂಗಳು ಬೇಕು, ಹಗಲಿನ ಬೆಳಕು ಮತ್ತು ರಾತ್ರಿಯ ಕತ್ತಲೆ ಕಣ್ಣಿಗೆ ಬಿದ್ದರೆ ಅದು ಬೇಗ ಕಲಿಯುತ್ತದೆ. ಬೆಳಗಿನ ಬೆಳಕು ನಿಮ್ಮ ನಿದ್ದೆಯ ಲಯಕ್ಕೂ ಮನಸ್ಸಿಗೂ ಅಷ್ಟೇ ಬೇಕು. ನಮ್ಮ ದಾವಣಗೆರೆಯ ಬಿಸಿಲು ಏರುವ ಮುನ್ನ, ಏಳು ಗಂಟೆಯೊಳಗೆ, ಮಾಳಿಗೆಯ ಮೇಲೋ ಅಂಗಳದಲ್ಲೋ ಅರ್ಧ ಗಂಟೆ ನಡೆದಾಡಿ. ವೈದ್ಯರು ಗಾಯ ನೋಡಿ ಒಪ್ಪಿದ ಮೇಲೆ, ಮಗುವನ್ನು ತಾಯಿಯ ಬಳಿ ಬಿಟ್ಟು ಅತ್ತಿಗೆಯ ಜೊತೆ ಒಂದು ಬೆಳಿಗ್ಗೆ ಕುಂದುವಾಡ ಕೆರೆಯ ಏರಿಯ ಮೇಲೆ ಒಂದಿಷ್ಟು ದೂರ ನಡೆದು ಬನ್ನಿ. ಬಾಣಂತಿ ಹೊಸಿಲು ದಾಟಬಾರದು ಎಂದು ಯಾರಾದರೂ ಅಂದರೆ, ವೈದ್ಯರು ಹೇಳಿದ್ದಾರೆ ಎಂದು ನನ್ನ ಕಡೆಯಿಂದಲೂ ಹೇಳಿ. ಇನ್ನೊಂದು ಮುಖ್ಯ ಮಾತು: ರಾತ್ರಿಯಲ್ಲಿ ಒಂದೇ ಸಲವಾದರೂ ನಾಲ್ಕು ಗಂಟೆ ಒಡೆಯದ ನಿದ್ದೆ ನಿಮಗೆ ಸಿಗಬೇಕು. ಒಂಬತ್ತೂವರೆಗೆ ಹಾಲು ಕುಡಿಸಿ ಬೇರೆ ಕೋಣೆಯಲ್ಲಿ ಮಲಗಿ. ತೇಗಿಸುವುದು, ಬಟ್ಟೆ ಬದಲಿಸುವುದು, ತೂಗುವುದು ಮನೆಯವರ ಪಾಲಿಗಿರಲಿ, ಮಗು ಹಸಿದು ಅತ್ತಾಗ ಮಾತ್ರ ನಿಮ್ಮನ್ನು ಎಬ್ಬಿಸಲಿ. ಹಗಲಿನ ನಾಲ್ಕು ತುಂಡು ನಿದ್ದೆ ಈ ಒಂದು ನಿದ್ದೆಗೆ ಸಮನಾಗುವುದಿಲ್ಲ.

ಪ್ರೀತಿ ಉಕ್ಕುತ್ತಿಲ್ಲ ಎಂಬ ಮಾತನ್ನು ನೀವು ಬಹಳ ಹೆದರಿ ಬರೆದಿದ್ದೀರಿ. ಎಷ್ಟೋ ತಾಯಂದಿರಿಗೆ ಅದು ಹೆರಿಗೆಯ ಮೇಜಿನ ಮೇಲೆಯೇ ಉಕ್ಕುವುದಿಲ್ಲ, ವಾರಗಳು ಹಿಡಿಯುತ್ತವೆ. ಶಸ್ತ್ರಚಿಕಿತ್ಸೆಯ ನೋವಿನಲ್ಲಿ ಮೊದಲ ದಿನಗಳನ್ನು ಕಳೆದವರಿಗೆ ಇನ್ನಷ್ಟು ತಡವಾದರೆ ಅದು ತಪ್ಪಲ್ಲ. ಇಷ್ಟು ದಿನ ಆ ಕೂಸು ನಿಮ್ಮಿಂದ ಬರೀ ಪಡೆದುಕೊಂಡಿದೆ, ಮುಖ ನೋಡಿ ಒಂದು ನಗುವನ್ನೂ ಹಿಂದಿರುಗಿಸಿಲ್ಲ. ಮುಖ ಗುರುತಿಸಿ ನಗುವುದು ಸಾಮಾನ್ಯವಾಗಿ ಆರರಿಂದ ಎಂಟು ವಾರಗಳ ನಡುವೆ ಆರಂಭವಾಗುತ್ತದೆ, ಅಂದರೆ ನಿಮ್ಮ ಮನೆಯಲ್ಲಿ ಅದು ಇನ್ನೇನು ಆಗಬೇಕಿದೆ. ಮಗು ಹಾಲು ಕುಡಿದು ತೃಪ್ತಿಯಿಂದ ಎಚ್ಚರವಾಗಿರುವ ಹೊತ್ತಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು, ನಿಮ್ಮ ಮುಖವನ್ನು ಅದರ ಮುಖದಿಂದ ಒಂದು ಗೇಣು ದೂರದಲ್ಲಿ ಇಡಿ. ಅದಕ್ಕೆ ಈಗ ಸ್ಪಷ್ಟವಾಗಿ ಕಾಣುವುದು ಹೆಚ್ಚೂಕಡಿಮೆ ಅಷ್ಟೇ ದೂರ. ಒಂದು ಮಾತು ಆಡಿ ನಿಲ್ಲಿಸಿ, ಕಾಯಿರಿ. ಒದೆಯುತ್ತಿದ್ದ ಕಾಲು ನಿಲ್ಲುತ್ತದೆ, ಹುಬ್ಬು ಮೇಲೇರುತ್ತದೆ, ತುಟಿ ಏನನ್ನೋ ಹೇಳಲು ಹೊರಟಂತೆ ದುಂಡಾಗುತ್ತದೆ. ನಿಮ್ಮ ಧ್ವನಿಯನ್ನು ಅದು ಗರ್ಭದಲ್ಲಿಯೇ ಕೇಳಿ ಗುರುತಿಟ್ಟುಕೊಂಡಿದೆ. ಈ ಹೊತ್ತಿನಲ್ಲಿ ಪ್ರೀತಿ ಬಂತೇ ಎಂದು ಒಳಗೆ ಇಣುಕಿ ನೋಡಿಕೊಳ್ಳುವುದು ಬೇಡ, ತುಟಿಯನ್ನಷ್ಟೇ ನೋಡಿ.

ಮಂಡಕ್ಕಿಯ ಸಂಜೆಗೆ ಬರುತ್ತೇನೆ. ನೀವು ಅತ್ತದ್ದು ಮಂಡಕ್ಕಿಗಲ್ಲವೆಂದು ನಿಮಗೂ ಗೊತ್ತು. ಹಾಗೆಂದು ಮಂಡಕ್ಕಿಯೂ ನಿಷಿದ್ಧವೇನಲ್ಲ. ತಾಯಿ ಖಾರ ತಿಂದರೆ ಕೂಸಿಗೆ ಹೊಟ್ಟೆನೋವು ಬಂದೇ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ, ನಿಮ್ಮ ಹೊಟ್ಟೆಗೆ ಒಗ್ಗಿದಷ್ಟನ್ನು ಧಾರಾಳವಾಗಿ ತಿನ್ನಬಹುದು. ಸಂಜೆ ಆರರ ಹೊತ್ತಿಗೆ ತೊಟ್ಟಿಲನ್ನೇ ಪಡಸಾಲೆಗೆ ತರಿಸಿ, ಎಲ್ಲರ ನಡುವೆ ಕುಳಿತುಕೊಳ್ಳಿ. ಮಗು ಸಂಜೆಯ ಹೊತ್ತು ಹೆಚ್ಚು ಅಳುವುದು ಈ ವಯಸ್ಸಿನ ಸಹಜ ಗುಣ. ಆರನೆಯ ವಾರದ ಸುಮಾರಿಗೆ ಅದು ಉಚ್ಚ ಮಟ್ಟದಲ್ಲಿರುತ್ತದೆ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಆ ಅಳುವನ್ನು ನೀವು ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಕೇಳುತ್ತ ಕೂರುವ ಬದಲು, ಅಪ್ಪ ಒಂದಿಷ್ಟು ಹೊತ್ತು, ಅಣ್ಣ ಒಂದಿಷ್ಟು ಹೊತ್ತು ಹೆಗಲ ಮೇಲೆ ಹಾಕಿಕೊಂಡು ಓಡಾಡಲಿ.

ಪ್ರಶ್ನೆ: ಅಮ್ಮಾವರೇ, ನನಗೆ 58 ವರ್ಷ. ನಾಲ್ಕು ಮಕ್ಕಳನ್ನು ಹೆತ್ತು ಬೆಳೆಸಿದವಳು. ನಮ್ಮ ಕಾಲದಲ್ಲಿ ಈ ಡಿಪ್ರೆಶನ್ ಎಂಬ ಮಾತನ್ನು ಕೇಳಿರಲಿಲ್ಲ. ಕಿರಿಮಗಳಿಗೆ ಹೆರಿಗೆಯಾಗಿ ಏಳು ವಾರವಾಯಿತು. ಮಾತು ಕಡಿಮೆ ಮಾಡಿದ್ದಾಳೆ, ಮೆಣಸಿನ ಸಾರು ಅನ್ನವನ್ನು ಎರಡು ತುತ್ತಿಗೆ ಬಿಡುತ್ತಾಳೆ. ಕೂಸು ಅತ್ತರೂ ಗೋಡೆ ನೋಡಿಕೊಂಡು ಕುಳಿತಿರುತ್ತಾಳೆ. ರಾತ್ರಿ ಕೂಸು ಮಲಗಿದರೂ ಇವಳು ಮಲಗುವುದಿಲ್ಲ. ಮೊಬೈಲ್ ಕಿತ್ತಿಟ್ಟೆ, ದೃಷ್ಟಿ ತೆಗೆದೆ, ತಾಯತ ಕಟ್ಟಿಸಿದೆ. ಮೊನ್ನೆ "ನಾನಿಲ್ಲದಿದ್ದರೇ ಕೂಸಿಗೆ ಒಳ್ಳೆಯದು" ಅಂದಳು. ಇದಕ್ಕೆ ಏನಾದರೂ ಕೆಲಸ ಹಚ್ಚಿದರೆ ಸರಿಹೋಗುತ್ತದೆಯೇ?
– ಹೊಳಲ್ಕೆರೆ ತಾಲ್ಲೂಕು

ಉತ್ತರ: ಅಕ್ಕಾ, ನಿಮ್ಮ ಪತ್ರಕ್ಕೆ ಪತ್ರಿಕೆ ಅಚ್ಚಾಗುವವರೆಗೆ ಕಾಯುವುದು ಸರಿಯಲ್ಲವೆಂದು ಅಂಚೆಯಲ್ಲಿಯೂ ಉತ್ತರ ಕಳುಹಿಸಿದ್ದೇನೆ. ಇದೇ ಸ್ಥಿತಿಯಲ್ಲಿರುವ ಬೇರೆ ಮನೆಗಳಿಗಾಗಿ ಇಲ್ಲಿಯೂ ಬರೆಯುತ್ತಿದ್ದೇನೆ. ಇದು ಕೆಲಸ ಹಚ್ಚಿ ಸರಿಪಡಿಸುವ ಬೇಸರವಲ್ಲ. ಅನ್ನ ಸೇರದಿರುವುದು, ಮಗು ಮಲಗಿದಾಗಲೂ ನಿದ್ದೆ ಬಾರದಿರುವುದು, ಅಳುವಿಗೆ ಓಗೊಡದಿರುವುದು, ಎಲ್ಲಕ್ಕಿಂತ ಮಿಗಿಲಾಗಿ ನಾನಿಲ್ಲದಿದ್ದರೇ ಒಳ್ಳೆಯದು ಎಂಬ ಮಾತು, ಇವು ಚಿಕಿತ್ಸೆ ಬೇಡುವ ಕಾಯಿಲೆಯ ಲಕ್ಷಣಗಳು. ಮಗಳನ್ನು ಇಂದೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದೊಯ್ಯಿರಿ. ಹೋಗುವವರೆಗೆ ಅವಳನ್ನು ಒಂಟಿಯಾಗಿ ಬಿಡಬೇಡಿ, ರಾತ್ರಿ ಯಾರಾದರೊಬ್ಬರು ಪಕ್ಕದಲ್ಲಿ ಎಚ್ಚರವಿರಲಿ, ಮಾತ್ರೆಗಳನ್ನೂ ಹೊಲಕ್ಕೆ ತಂದ ಔಷಧಿಯನ್ನೂ ಬೀಗ ಹಾಕಿಡಿ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಸರ್ಕಾರಿ ಸೇವೆಗೆ ಹಣ ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತನಾಡುತ್ತಾರೆ, ನೀವು ಮಗಳ ಪರವಾಗಿಯೂ ಕೇಳಬಹುದು. ಕೈಮೀರಿದಂತೆ ಕಂಡರೆ 108ಕ್ಕೆ ಕರೆ ಮಾಡಿ.

ಮಾತ್ರೆ ತೆಗೆದುಕೊಂಡರೆ ಎದೆಹಾಲು ನಿಲ್ಲಿಸಬೇಕಾಗುತ್ತದೆ ಎಂಬ ಹೆದರಿಕೆಯಿಂದ ಹಲವರು ಹಿಂಜರಿಯುತ್ತಾರೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ, ಹಾಲೂಡಿಸುತ್ತಿದ್ದಾಳೆ ಎಂದು ವೈದ್ಯರಿಗೆ ಮೊದಲೇ ಹೇಳಿದರೆ ಅಂಥದ್ದನ್ನೇ ಆರಿಸಿ ಬರೆಯುತ್ತಾರೆ. ಪರಿಣಾಮ ಕಾಣಲು ಎರಡು ಮೂರು ವಾರ ಹಿಡಿಯಬಹುದು, ಸ್ವಲ್ಪ ಗೆಲುವಾದ ಕೂಡಲೇ ತಾವಾಗಿಯೇ ನಿಲ್ಲಿಸಬಾರದು. ಸೇರಿಸಿಕೊಂಡೇ ಚಿಕಿತ್ಸೆ ಕೊಡಬೇಕು ಎನ್ನುವ ಪ್ರಸಂಗ ಬಂದರೂ ಕೂಸನ್ನು ಅಗಲಿಸುವ ಚಿಂತೆ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ಪ್ರತ್ಯೇಕ ಘಟಕ 2009ರಿಂದ ನಡೆಯುತ್ತಿದೆ.

ನಿಮ್ಮ ಕಾಲದಲ್ಲಿ ಇದು ಇರಲಿಲ್ಲ ಎಂದಿರಿ. ಅಕ್ಕಾ, ನೀವು ಚಿಕ್ಕವರಿದ್ದಾಗ "ಬಾಣಂತಿ ಸನ್ನಿ" ಎಂಬ ಮಾತನ್ನು ಕೇಳಿರಲೇಬೇಕು. ಹೆರಿಗೆಯಾದ ಹೆಣ್ಣು ತನ್ನಷ್ಟಕ್ಕೆ ಮಾತನಾಡುವುದು, ಇಲ್ಲದ್ದು ಕಾಣುವುದು ಕೇಳುವುದು, ಕೂಸನ್ನು ತನ್ನದಲ್ಲ ಎನ್ನುವುದು, ನಿದ್ದೆಯೇ ಇಲ್ಲದೆ ಓಡಾಡುವುದು, ಇದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಅದು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುವ ಈ ಸ್ಥಿತಿ ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿಯೇ ಆರಂಭವಾಗುತ್ತದೆ, ಗಂಟೆಯೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕಾದ ತುರ್ತು ಅದು. ಹೆಸರು ಇತ್ತು ಎಂದರೆ ಕಾಯಿಲೆಯೂ ಇತ್ತು ಎಂದೇ ಅರ್ಥ. ಸದ್ದಿಲ್ಲದೆ ಗೋಡೆ ನೋಡುತ್ತ ಕುಳಿತವರಿಗೆ ಮಾತ್ರ ಯಾರೂ ಹೆಸರಿಡಲಿಲ್ಲ, ಅವರನ್ನು ಮೊಂಡಿ, ಸೋಮಾರಿ ಎಂದು ಕರೆದು ಮುಗಿಸಿದರು.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನಿಮ್ಮ ಬಾಣಂತನದ ಮನೆಯಲ್ಲಿ ನೀರೆರೆಯಲು ಬರುತ್ತಿದ್ದ ಅಜ್ಜಿ, ಅಕ್ಕಿ ಕೇರಲು ಕೂರುತ್ತಿದ್ದ ಅತ್ತೆ, ಕೂಸು ನೋಡಲು ಬಂದು ಒಂದು ಗಂಟೆ ಹರಟುತ್ತಿದ್ದ ಕೇರಿಯ ಹೆಂಗಸರು ಇದ್ದರು. ನಿಮ್ಮ ಮಗಳಿಗೆ ಈಗ ಇರುವುದು ನೀವು ಒಬ್ಬರೇ, ನೀವೂ ದಣಿದಿದ್ದೀರಿ. ಆಶಾ ಕಾರ್ಯಕರ್ತೆ ಆಸ್ಪತ್ರೆ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕೆಂಬ ನಿಯಮವಿದೆ. ಆ ಭೇಟಿಗಳು ಮುಗಿದಿದ್ದರೂ ನೀವು ಕರೆದರೆ ಬರುತ್ತಾರೆ, ಕೂಸಿನ ಜೊತೆ ಮಗಳ ವಿಷಯವನ್ನೂ ಅವರ ಕಿವಿಗೆ ಹಾಕಿ, ಆಸ್ಪತ್ರೆಗೆ ಜೊತೆಯಲ್ಲಿ ಬರಲು ಕೇಳಿ. ತಾಯತ ಇದ್ದರೆ ಇರಲಿ, ಅದರಿಂದ ಚಿಕಿತ್ಸೆಗೆ ಅಡ್ಡಿಯಿಲ್ಲ. ಮೊಬೈಲನ್ನು ಮಾತ್ರ ಹಿಂದಿರುಗಿಸಿ, ಅವಳು ಗಂಡನೊಂದಿಗೋ ಗೆಳತಿಯೊಂದಿಗೋ ಆಡುವ ಎರಡು ಮಾತು ಈಗ ಅವಳಿಗೆ ಅನ್ನದಷ್ಟೇ ಬೇಕು. ಚಿಕಿತ್ಸೆ ಹತ್ತಿ, ಅವಳು ತಾನಾಗಿ ತಟ್ಟೆಯ ಕಡೆ ಕೈ ಚಾಚತೊಡಗಿದ ಮೇಲೆ, ಹಿಂದಿನ ಉತ್ತರದಲ್ಲಿ ಬರೆದಂಥ ಸಣ್ಣ ಕೆಲಸಗಳನ್ನು ಒಂದೊಂದಾಗಿ ಅವಳ ಮುಂದಿಡಬಹುದು. ಅಲ್ಲಿಯವರೆಗೆ ಚಿತ್ರದುರ್ಗ ಆಕಾಶವಾಣಿಯ ಹಾಡುಗಳು ಸಣ್ಣ ಧ್ವನಿಯಲ್ಲಿ ಕೇಳುತ್ತಿರಲಿ, ನೀವು ಪಕ್ಕದಲ್ಲಿ ಕುಳಿತು ತಲೆ ಬಾಚಿ. "ನಿನಗೇನು ಕಡಿಮೆಯಾಗಿದೆ" ಎಂಬ ಪ್ರಶ್ನೆಯನ್ನು ಯಾರೂ ಕೇಳದಂತೆ ನೋಡಿಕೊಳ್ಳಿ.

ಪ್ರಶ್ನೆ: ಹೆಂಡತಿ ಬಾಣಂತನಕ್ಕೆ ಹರಿಹರದ ತವರಿನಲ್ಲಿದ್ದಾಳೆ, ಮಗುವಿಗೆ ಎರಡು ತಿಂಗಳು. ನಾನು ಭಾನುವಾರ ಬೆಳಿಗ್ಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ಹೋದಾಗಲೆಲ್ಲ ಅವಳು ಸಿಡುಕುತ್ತಾಳೆ. "ಮಗು ಕೈಜಾರಿ ಬಿದ್ದಂತೆ ಕಣ್ಣಿಗೆ ಕಟ್ಟುತ್ತದೆ, ಹೆದರಿಕೆಯಾಗುತ್ತದೆ" ಎಂದು ಒಮ್ಮೆ ಹೇಳಿದಳು. ಅಲ್ಲಿ ನಾನು ಮಾಡುವುದೇನೂ ಇಲ್ಲದಂತೆ ಅನ್ನಿಸುತ್ತದೆ. ಏನು ಮಾಡಲಿ?
– ಚಿತ್ರದುರ್ಗ

ಉತ್ತರ: ತಮ್ಮಾ, ಮಗುವಿಗೆ ಏನೋ ಅಪಾಯವಾದಂತೆ ಬೇಡದ ಚಿತ್ರಗಳು ಮನಸ್ಸಿಗೆ ನುಗ್ಗುವುದು ಹೊಸ ತಾಯಂದಿರಲ್ಲಿ ಬಹಳ ಸಾಮಾನ್ಯ. ಆ ಚಿತ್ರ ಕಂಡು ಅವಳು ಹೆದರುತ್ತಿದ್ದಾಳೆ, ಅದು ಬೇಡವೆನ್ನುತ್ತಿದ್ದಾಳೆ ಎಂದರೆ ಅವಳು ಮಗುವಿಗೆ ಕೇಡು ಬಗೆಯುವವಳಲ್ಲ. ಇದನ್ನು ಅವಳಿಗೆ ಸ್ಪಷ್ಟವಾಗಿ ಹೇಳಿ, ಮಗುವನ್ನು ಅವಳಿಂದ ಕಿತ್ತುಕೊಳ್ಳಬೇಡಿ. ಆ ಚಿತ್ರಗಳು ದಿನವಿಡೀ ಕಾಡಿ, ಮಗುವನ್ನು ಎತ್ತಿಕೊಳ್ಳಲೇ ಅಂಜುವಂತಾದರೆ ಮನೋವೈದ್ಯರ ಚಿಕಿತ್ಸೆಯಿಂದ ಹತೋಟಿಗೆ ಬರುತ್ತವೆ. ಹೆದರಿಕೆಯ ಬದಲು ಅದೇ ಸರಿ ಎಂಬ ನಂಬಿಕೆ ಕಂಡರೆ, ಅಥವಾ ಯಾರೋ ಹಾಗೆ ಮಾಡೆಂದು ಹೇಳುತ್ತಿದ್ದಾರೆ ಎಂದರೆ, ಮೇಲೆ ಬರೆದ ತುರ್ತು ಸ್ಥಿತಿ ಅದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ನಿಮ್ಮ ಪಾಲಿನ ಕೆಲಸ ಇಲ್ಲವೆಂದಿರಿ. ಹಾಲು ಕುಡಿಸುವುದೊಂದನ್ನು ಬಿಟ್ಟರೆ ಉಳಿದುದೆಲ್ಲವೂ ನಿಮ್ಮ ಕೈಗೆ ಬರುವಂಥದ್ದೇ. ಅಳಿಯನಿಗೆ ಕಾಫಿ ತಿಂಡಿ ಕೊಟ್ಟು ಕೂರಿಸುವ ಉಪಚಾರದಲ್ಲಿ ಆ ಮನೆಯ ಹೆಂಗಸರ ಕೆಲಸ ಭಾನುವಾರ ಇನ್ನಷ್ಟು ಹೆಚ್ಚಾಗುತ್ತದೆ, ನಿಮ್ಮ ಹೆಂಡತಿ ಅದನ್ನು ನೋಡುತ್ತಿರುತ್ತಾಳೆ. ಅತ್ತೆಯವರಿಗೆ ಸಂಕೋಚವಾದರೂ ಸರಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವುದನ್ನು ಅವರಿಂದಲೇ ಕಲಿಯಿರಿ. ಬಾಗಿಲಿನಲ್ಲಿ ಕಾಲಿಟ್ಟ ಕೂಡಲೇ ಮಗು ಹೇಗಿದೆ ಎಂದು ಕೇಳುವ ಮೊದಲು, ನಿನ್ನೆ ರಾತ್ರಿ ನಿನಗೆಷ್ಟು ನಿದ್ದೆಯಾಯಿತು ಎಂದು ಅವಳನ್ನು ಕೇಳಿ. ವಾರದ ಉಳಿದ ದಿನಗಳಲ್ಲಿ, ಅವಳು ಅತಿ ಒಂಟಿಯಾಗಿರುವ ಹೊತ್ತು ಯಾವುದೆಂದು ತಿಳಿದುಕೊಂಡು, ಅದೇ ಹೊತ್ತಿಗೆ ಪ್ರತಿದಿನ ಕರೆ ಮಾಡಿ. ಹತ್ತು ಮಂದಿ ಹೊಸ ತಂದೆಯರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಕಾಣಿಸಿಕೊಳ್ಳುತ್ತದೆ, ನಿಮಗೂ ನಿದ್ದೆ ಊಟ ಕೆಟ್ಟಿದ್ದರೆ 14416 ನಿಮಗೂ ಇದೆ.

ಭಾನುವಾರ ಬೆಳಗಿನ ಬಸ್ಸಿಗೆ ಹೋಗುವುದನ್ನು ಬಿಟ್ಟು ಶನಿವಾರ ಕೆಲಸ ಮುಗಿದ ಕೂಡಲೇ ಹೊರಡಿ. ಚಿತ್ರದುರ್ಗದಿಂದ ಹರಿಹರಕ್ಕೆ ರಾತ್ರಿ ಊಟದ ಹೊತ್ತಿಗೆ ತಲುಪುತ್ತೀರಿ. ಆ ಒಂದು ರಾತ್ರಿ ತೊಟ್ಟಿಲು ನಿಮ್ಮ ಹಾಸಿಗೆಯ ಪಕ್ಕದಲ್ಲಿರಲಿ, ಒಣಗಿದ ಬಟ್ಟೆಗಳ ಬುಟ್ಟಿ ನಿಮ್ಮ ಕೈಗೆ ಎಟುಕುವಂತಿರಲಿ, ಅವಳು ಬೇರೆ ಕೋಣೆಯಲ್ಲಿ ಕದ ಹಾಕಿಕೊಂಡು ಮಲಗಲಿ.